ವಾರಕ್ಕೊಂದೇ ಫೋಟೊ

ಊರಿಗೆ ಹೋದಾಗ ಅವ್ವ ಕೇಳಿದಳು: ‘ಎರಡು ವರ್ಸ ಆತಲ್ಲೋ ಧಾರವಾಡಕ್ಕ ಹೋಗಿ, ಹೆಂಗೈತಿ ಊರು?’

‘ಚಲೋ ಐತಿ’ ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಸಪ್ತಾಪುರದಲ್ಲಿ ನನ್ನ ರೂಮು, ರೂಮಿನಿಂದ ನೂರು ಹೆಜ್ಜೆಗೆ ಮೆಸ್ಸು, ಅಲ್ಲಿಂದ ಮುನ್ನೂರು ಹೆಜ್ಜೆಗೆ ಲೈಬ್ರರಿ. ಲೈಬ್ರರಿ ಅಂದರೆ ಪುಸ್ತಕ ಇರುವ ಜಾಗ ಅಂದುಕೊಳ್ಳಬೇಡಿ. ತಿಂಗಳಿಗಿಷ್ಟು ಅಂತ ದುಡ್ಡು ಕೊಟ್ಟು ಕೂತು ಓದುವ ಒಂದು ಕುರ್ಚಿ, ಒಂದು ಟೇಬಲ್ಲು, ಒಂದು ಚಾರ್ಜಿಂಗ್ ಪಾಯಿಂಟು. ಎರಡು ವರ್ಷದಲ್ಲಿ ನಾನು ಕಂಡ ಧಾರವಾಡ ಇದಿಷ್ಟೇ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬಂದವರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ಬೀದರಿನಿಂದ, ರಾಯಚೂರಿನಿಂದ, ವಿಜಯಪುರದಿಂದ ಬಂದು ಇಲ್ಲಿ ಇಳಿಯುತ್ತೇವೆ. ಊರು ನಮಗೆ ರೈಲ್ವೆ ಸ್ಟೇಷನ್ನಿನ ಬೆಂಚು ಇದ್ದ ಹಾಗೆ. ಗಾಡಿ ಬಂದರೆ ಸಾಕು, ಎದ್ದು ಹೋಗುವುದೇ. ಕೂತ ಬೆಂಚಿಗೆ ಯಾವ ಬಣ್ಣ ಹಚ್ಚಿದ್ದಾರೆ ಅಂತ ಯಾರು ನೋಡುತ್ತಾರೆ?

ನಮ್ಮ ಗಾಡಿ ತಡವಾಯಿತು. ನಾವು ಬರೆಯಬೇಕಿದ್ದ ಪರೀಕ್ಷೆಯೊಂದು ಎರಡನೇ ಸಲ ಮುಂದಕ್ಕೆ ಹೋದ ದಿನ, ಚಹಾದಂಗಡಿಯ ಮುಂದೆ ನಾವು ಐದು ಜನ ಮಾತಿಲ್ಲದೆ ನಿಂತಿದ್ದೆವು. ಆಗ ಸವದತ್ತಿಯ ಗೆಳತಿ ಒಂದು ಆಟ ಹೇಳಿದಳು. ಡಿಗ್ರಿ ಓದುವಾಗ ಅವಳು ಮತ್ತು ಅವಳ ಕ್ಲಾಸಿನವರು ಆಡುತ್ತಿದ್ದರಂತೆ. ರವಿವಾರ ಸಂಜೆ ಒಬ್ಬರು ಒಂದು ಶಬ್ದ ಕೊಡಬೇಕು. ಮುಂದಿನ ರವಿವಾರ ಸಂಜೆಯೊಳಗೆ ಆ ಶಬ್ದಕ್ಕೆ ಹೊಂದುವ ಒಂದೇ ಒಂದು ಫೋಟೊ ಪ್ರತಿಯೊಬ್ಬರೂ ತರಬೇಕು. ಈ ಊರಿನದ್ದೇ ಆಗಿರಬೇಕು, ನಡೆದು ಹೋಗಿ ತೆಗೆದಿರಬೇಕು, ಕೆಳಗೆ ಒಂದು ಸಾಲು ಬರೆದಿರಬೇಕು. ಗೆದ್ದವರಿಗೆ ಬಹುಮಾನವಿಲ್ಲ. ಫೋಟೊ ತರದವರು ಮಾತ್ರ ಎಲ್ಲರ ಚಹಾದ ದುಡ್ಡು ಕೊಡಬೇಕು.

ಕ್ಯಾಮೆರಾ ಯಾರ ಬಳಿಯೂ ಇರಲಿಲ್ಲ. ಇದ್ದದ್ದು ಮೊಬೈಲು. ನನ್ನದರ ಲೆನ್ಸಿನ ಗಾಜು ಬಿರುಕು ಬಿಟ್ಟು, ಬೀದಿದೀಪವೆಲ್ಲ ಬಾಲ ಬಂದ ನಕ್ಷತ್ರದ ಹಾಗೆ ಕಾಣುತ್ತಿತ್ತು.

ಮೊದಲ ಶಬ್ದ ‘ಬಾಗಿಲು’. ಇದೆಂಥ ಶಬ್ದ ಅಂತ ನಾನು ನಕ್ಕಿದ್ದೆ. ರವಿವಾರ ಐದು ಬಾಗಿಲು ಬಂದವು. ಒಬ್ಬ ಕಿಲ್ಲೆಗೆ ಹೋಗಿ, ಕೋಟೆಯಲ್ಲಿ ಉಳಿದಿರುವ ಹಳೆಯ ದ್ವಾರದ ಫೋಟೊ ತಂದಿದ್ದ. ಧಾರವಾಡದಲ್ಲಿ ಕೋಟೆ ಇತ್ತೆಂಬುದೇ ನನಗೆ ಗೊತ್ತಿರಲಿಲ್ಲ. ಇನ್ನೊಬ್ಬಳು ಕರ್ನಾಟಕ ಕಾಲೇಜಿನ ಕಮಾನಿನ ಬಾಗಿಲು ತಂದಿದ್ದಳು. 1917ರಲ್ಲಿ ಶುರುವಾದ ಆ ಕಾಲೇಜಿನ ಕಟ್ಟಡ ಮೊದಲು ದಕ್ಷಿಣ ಮರಾಠಾ ರೈಲ್ವೆಯ ಮುಖ್ಯ ಕಚೇರಿಯಾಗಿತ್ತು ಅಂತ ಕೆಳಗೆ ಬರೆದಿದ್ದಳು. ದಿನಾ ಅದರ ಮುಂದೆ ಹಾದು ಹೋಗುತ್ತಿದ್ದವನು ನಾನು. ನನ್ನ ಬಾಗಿಲು ಯಾವುದು ಗೊತ್ತೇ? ನಮ್ಮ ಮೆಸ್ಸಿನದು. ಅಷ್ಟು ದೂರವಷ್ಟೇ ನಾನು ನಡೆದಿದ್ದೆ.

ಆ ಸಂಜೆ ನಾಚಿಕೆಯಾಯಿತು. ಕರ್ನಾಟಕ ವಿದ್ಯಾವರ್ಧಕ ಸಂಘದ ಸ್ಥಾಪನೆ 1890, ಸ್ಥಾಪಕರು ರಾ.ಹ. ದೇಶಪಾಂಡೆ ಎಂದು ನಿದ್ದೆಗಣ್ಣಿನಲ್ಲೂ ಹೇಳುತ್ತೇವೆ. ಆ ಸಂಘದ ಮುಂದೆ ಆಟೊದಲ್ಲಿ ಎಷ್ಟೋ ಸಲ ಹೋಗಿದ್ದೇವೆ, ಒಳಗೆ ಕಾಲಿಟ್ಟಿರಲಿಲ್ಲ. ಬೇಂದ್ರೆಯವರ ‘ನಾಕುತಂತಿ’ಗೆ 1973ರ ಜ್ಞಾನಪೀಠ ಎಂದು ನೋಟ್ಸಿನಲ್ಲಿ ಕೆಂಪು ಶಾಯಿಯ ಗೆರೆ ಎಳೆದವರು ಸಾಧನಕೇರಿ ನೋಡಿರಲಿಲ್ಲ. ಸಪ್ತಾಪುರದಿಂದ ಅಲ್ಲಿಗೆ ನಡೆದೇ ಹೋಗಬಹುದು. ನಮಗೆ ಊರು ನಾಲ್ಕು ಆಯ್ಕೆಗಳ ಒಂದು ಪ್ರಶ್ನೆಯಾಗಿ ಮಾತ್ರ ಗೊತ್ತಿತ್ತು.

ಹಾಗಾದರೆ ಸಾಧನಕೇರಿಗೆ ಹೋಗಿ ಫೋಟೊ ತೆಗೆದು ಬಂದರಾಯಿತಲ್ಲ, ಶಬ್ದದ ಹಂಗೇಕೆ ಎಂದು ನೀವು ಕೇಳಬಹುದು. ನಾವೂ ಒಮ್ಮೆ ಹಾಗೆ ಮಾಡಿ ನೋಡಿದೆವು. ಐದು ಜನರೂ ಕೆರೆ, ಕೆರೆಯ ಮೇಲೆ ಸಂಜೆಯ ಬೆಳಕು, ಮುಂದೆ ನಿಂತು ಸೆಲ್ಫಿ, ಇವನ್ನೇ ತಂದೆವು. ಇಂಥವು ಇಂಟರ್ನೆಟ್ಟಿನಲ್ಲಿ ಆಗಲೇ ರಾಶಿ ಬಿದ್ದಿವೆ. ಜಾಗ ಹುಡುಕಿ ಹೋದವನು ಬೇರೆಯವರು ಈಗಾಗಲೇ ನೋಡಿದ್ದನ್ನೇ ನೋಡಿ ಬರುತ್ತಾನೆ. ಶಬ್ದ ಹಿಡಿದು ಹೊರಟವನಿಗೆ ಎಲ್ಲಿಗೆ ಹೋಗಬೇಕೆಂದೇ ಗೊತ್ತಿರುವುದಿಲ್ಲ. ಹಾಗಾಗಿ ಗಲ್ಲಿ ಗಲ್ಲಿ ತಿರುಗುತ್ತಾನೆ, ನಿಂತವರನ್ನು ಮಾತಾಡಿಸುತ್ತಾನೆ. ಈ ಆಟದ ಎಲ್ಲ ಶಕ್ತಿ ಇರುವುದು ಆ ಒಂದು ಶಬ್ದದಲ್ಲಿ ಎಂಬುದು ನನ್ನ ಅಭಿಪ್ರಾಯ. ಶಬ್ದ ಎಷ್ಟು ಸಪ್ಪೆಯಾಗಿದ್ದರೆ ಅಷ್ಟು ಒಳ್ಳೆಯದು. ‘ಸೌಂದರ್ಯ’ ಅಂತ ಕೊಟ್ಟ ವಾರ ಎಲ್ಲರೂ ದಾಸವಾಳ ತಂದೆವು. ‘ನೀರು’ ಎಂದು ಕೊಟ್ಟ ವಾರ ನಡೆದದ್ದೇ ಬೇರೆ.

ಬೀದರಿನವನು ನಾಣ್ಯ ಹಾಕಿ ನೀರು ಹಿಡಿಯುವ ಘಟಕದ ಮುಂದೆ ಸಾಲುಗಟ್ಟಿದ ಕ್ಯಾನುಗಳನ್ನು ತಂದ. ನಾನು ಸೋಮೇಶ್ವರ ಗುಡಿಗೆ ಹೋಗಿ ಶಾಲ್ಮಲೆ ಹುಟ್ಟುವ ಜಾಗ ನೋಡಿ ಬಂದೆ. ಸವದತ್ತಿಯವಳು ತಂದದ್ದು ತನ್ನ ಪಿ.ಜಿ.ಯ ನಲ್ಲಿ. ‘ಇಷ್ಟೇನಾ?’ ಎಂದೆವು. ‘ಇದು ನಮ್ಮೂರ ನೀರು. ಮಲಪ್ರಭಾ ಡ್ಯಾಮಿಂದ ಬರೂದು. ಹುಬ್ಬಳ್ಳಿ–ಧಾರವಾಡಕ್ಕೆಲ್ಲಾ ನಮ್ಮ ಸವದತ್ತಿ ನೀರs ಕುಡಿಸ್ತದ’ ಎಂದಳು. ನವಲಗುಂದದ ಗೆಳೆಯ ಸುಮ್ಮನಿರಲಿಲ್ಲ. ‘ಕುಡದ್ರಿ, ಸರಿ. ಇಲ್ಲಿ ಮಳಿ ಬಂದ್ರ ತುಪ್ಪರಿಹಳ್ಳ ತುಂಬಿ ನಮ್ಮ ಹೊಲಕ್ಕ ಬರತೈತಲ್ಲ, ಅದರ ಲೆಕ್ಕಾ ಯಾರು ಕೊಡವ್ರು?’ ಎಂದ.

ಆ ರಾತ್ರಿ ನಕಾಶೆ ತೆಗೆದು ಕೂತೆವು. ಧಾರವಾಡ ಒಂದು ಏಣಿನ ಮೇಲೆ ಕೂತ ಊರು. ಪಶ್ಚಿಮಕ್ಕೆ ಬಿದ್ದ ಮಳೆ ಶಾಲ್ಮಲೆ, ಬೇಡ್ತಿ ಹಿಡಿದು ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ತುಪ್ಪರಿಹಳ್ಳ, ಬೆಣ್ಣಿಹಳ್ಳ, ಮಲಪ್ರಭೆ, ಕೃಷ್ಣೆಯಾಗಿ ಬಂಗಾಳ ಕೊಲ್ಲಿಗೆ ಹರಿಯುತ್ತದೆ. ಭೂಗೋಳದ ಪುಸ್ತಕದಲ್ಲಿ ‘ಜಲವಿಭಾಜಕ’ ಎಂಬ ಶಬ್ದವನ್ನು ಎಷ್ಟು ಸಲ ಓದಿದ್ದೆನೋ. ಅದು ನನ್ನ ರೂಮಿನ ಆಸುಪಾಸಿನಲ್ಲೇ ಇದೆ ಎಂದು ತಿಳಿದದ್ದು ಒಂದು ನಲ್ಲಿಯ ಫೋಟೊದಿಂದ.

ಧಾರವಾಡಿ ಎಮ್ಮೆಯ ಕಥೆಯೂ ಹೀಗೇ. 2021ರಲ್ಲಿ ಅದಕ್ಕೆ ತಳಿಯ ಮಾನ್ಯತೆ ಸಿಕ್ಕಿದ್ದನ್ನು ಪ್ರಚಲಿತ ವಿದ್ಯಮಾನಗಳಲ್ಲಿ ಓದಿದ್ದೆವು. ಪೇಢೆಯ ಹಿಂದೆ ಗೌಳಿಗರ ಎಮ್ಮೆಗಳ ಹಾಲಿದೆ ಎಂದೂ ಓದಿದ್ದೆವು. ‘ಬೆಳಗಿನ ಆರು’ ಎಂಬ ವಿಷಯದ ವಾರ ಗೌಳಿಗರ ಓಣಿಯಲ್ಲಿ, ಅರ್ಧಚಂದ್ರದಂತೆ ಹಿಂದಕ್ಕೆ ಬಾಗಿದ ಕೋಡಿನ ಆ ಎಮ್ಮೆ ಎದುರಿಗೇ ನಿಂತು ನನ್ನನ್ನು ನೋಡಿತು. ನಾನೂ ನೋಡಿದೆ.

ಎಲ್ಲವೂ ಇಷ್ಟು ಸುಖವಾಗಿ ನಡೆಯಿತು ಅಂತಲ್ಲ. ‘ಕೈ’ ಎಂಬ ವಿಷಯ ಕೊಟ್ಟವನು ನಾನೇ. ಆ ರವಿವಾರ ಬೆಳಿಗ್ಗೆ ಕೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ಸರ್ಕಲ್ಲಿಗೆ ಹೋದೆ. ಬುತ್ತಿಗಂಟನ್ನು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಅಮ್ಮನ ಕೈ ಕಂಡಿತು. ಸಿಮೆಂಟಿಗೆ ಒಡೆದು ಹೋದ ಬೆರಳು, ಹಸಿರು ಬಳೆ. ಇಂಥ ಫೋಟೊ ಇನ್ನೊಂದು ಸಿಗಲಿಕ್ಕಿಲ್ಲ ಅನ್ನಿಸಿ, ಕೇಳದೇ ಕ್ಲಿಕ್ಕಿಸಿದೆ. ಅವಳು ತಲೆ ಎತ್ತಿದಳು.

‘ಕೈ ತಗದೇನು ತಮ್ಮಾ? ಈ ಕೈಗೆ ಇವತ್ತ ಕೆಲಸ ಕೊಡ್ತೀಯೇನು?’

ಸುತ್ತಲಿದ್ದವರು ನಕ್ಕರು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅವಳ ಮುಂದೆಯೇ ಫೋಟೊ ಅಳಿಸಿದೆ. ‘ತಪ್ಪಾತು ಯವ್ವಾ’ ಎಂದೆ. ಅಷ್ಟರಲ್ಲಿ ಒಂದು ಟಂಟಂ ಬಂದು ನಿಂತಿತು. ಹತ್ತಾರು ಜನ ಅದರ ಕಡೆ ಓಡಿದರು, ನಾಲ್ವರನ್ನು ಹತ್ತಿಸಿಕೊಂಡು ಅದು ಹೋಯಿತು. ಅವಳು ಮತ್ತೆ ಬಂದು ಅದೇ ಕಟ್ಟೆಯ ಮೇಲೆ ಕೂತಳು.

ಆ ಸಂಜೆ ಚಹಾದ ದುಡ್ಡು ನಾನು ಕೊಟ್ಟೆ. ಆಟಕ್ಕೆ ಹೊಸ ನಿಯಮ ಸೇರಿತು: ಮನುಷ್ಯರ ಫೋಟೊ ಆದರೆ ಮೊದಲು ಕೇಳಬೇಕು, ಬೇಡ ಎಂದರೆ ಬೇಡ. ನಾವೂ ಕೆಲಸಕ್ಕೆ ಕಾಯುವವರು, ಅವರೂ ಕಾಯುವವರು ಎಂದು ಇಲ್ಲಿ ಒಂದು ಚೆಂದದ ಸಾಲು ಬರೆದುಬಿಡಬಹುದಿತ್ತು. ಗೆಳೆಯನೊಬ್ಬ ಹಾಗೇ ಹೇಳಿದ ಕೂಡ. ನನಗೆ ಒಪ್ಪಿಗೆಯಾಗಲಿಲ್ಲ. ನಾನು ಕಾಯುವ ಪ್ರತಿ ತಿಂಗಳಿಗೂ ಅಪ್ಪ ದುಡ್ಡು ಹಾಕುತ್ತಾನೆ. ಅವಳಿಗೆ ಯಾರು ಹಾಕುತ್ತಾರೆ? ಬಡವರ ಮುಖ, ಮುದುಕರ ಸುಕ್ಕು, ಬರಿಗಾಲಿನ ಮಕ್ಕಳು, ಇವುಗಳನ್ನು ಕಪ್ಪು–ಬಿಳುಪು ಮಾಡಿ ಹಾಕಿ ಮೆಚ್ಚುಗೆ ಎಣಿಸುವವರನ್ನು ಕಂಡರೆ ಈಗ ನನಗೆ ಆ ಬೆಳಗು ನೆನಪಾಗುತ್ತದೆ. ಮೈಸೂರಿನ ಟಿ.ಎಸ್. ಸತ್ಯನ್ ಕೂಡ ಜನಸಾಮಾನ್ಯರನ್ನೇ ಹೆಚ್ಚಾಗಿ ತೆಗೆದರು. ಅವರ ಚಿತ್ರಗಳಲ್ಲಿನ ಜನ ಸಂಕೋಚವಿಲ್ಲದೆ ತಮ್ಮ ಪಾಡಿಗೆ ತಾವಿರುವುದನ್ನು ಒಮ್ಮೆ ಗಮನಿಸಿ ನೋಡಿ.

ಇನ್ನೊಂದು ಪಾಠ ಗೆಳತಿಯರಿಂದ ಕಲಿತದ್ದು. ಹುಡುಗರು ಉತ್ಸಾಹದಲ್ಲಿ ‘ರಾತ್ರಿ’ ಎಂದು ವಿಷಯ ಕೊಟ್ಟೆವು. ಅವರ ಪಿ.ಜಿ. ಎಂಟೂವರೆಗೆ ಬಾಗಿಲು ಹಾಕುತ್ತದೆ ಎಂಬುದು ನಮ್ಮ ತಲೆಗೆ ಹೊಳೆದೇ ಇರಲಿಲ್ಲ. ಹಗಲಿನಲ್ಲಿ ಕೂಡ ನಾವು ಮೊಬೈಲು ಹಿಡಿದು ನಿಂತರೆ ಯಾರೂ ಕೇಳುವುದಿಲ್ಲ. ಅವರು ನಿಂತರೆ ‘ಯಾಕ್ರೀ, ಏನ್ ತಗೀತೀರಿ?’ ಎಂದು ಹತ್ತು ಜನ ಬರುತ್ತಾರೆ. ಆ ವಾರ ನಾವು ಮೂವರೂ ಜ್ಯುಬಿಲಿ ಸರ್ಕಲ್ಲಿನ ದೀಪ, ಚಿಗರಿ ಬಸ್ಸಿನ ಬೆಳಕು ಎಂದೆಲ್ಲ ತಂದೆವು. ಸವದತ್ತಿಯವಳು ತನ್ನ ಪಿ.ಜಿ.ಯ ಗೇಟಿಗೆ ಹಾಕಿದ ಕೀಲಿಯನ್ನು ಒಳಗಿನಿಂದ ತೆಗೆದಿದ್ದಳು. ಕೆಳಗಿನ ಸಾಲು: ‘ನಮ್ಮ ರಾತ್ರಿ ಇಲ್ಲಿಗೆ ಮುಗೀತು.’ ಅದಕ್ಕಿಂತ ಒಳ್ಳೆಯ ಫೋಟೊ ನಮ್ಮ ಗುಂಪಿನಲ್ಲಿ ಇನ್ನೂ ಬಂದಿಲ್ಲ. ಅಂದಿನಿಂದ ಐವರಿಗೂ ಸಾಧ್ಯವಾಗುವ ವಿಷಯವನ್ನೇ ಕೊಡುತ್ತೇವೆ.

‘ಓದೂದು ಬಿಟ್ಟು ಇದೆಂಥಾ ಹುಚ್ಚು’ ಎಂದು ರೂಮಿನವರು ಬೈಯುತ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ವಾರಕ್ಕೆ ಮೂರು ತಾಸು ಹೋಗುತ್ತದೆ, ನಿಜ. ಇದರಿಂದ ಒಂದು ಅಂಕ ಹೆಚ್ಚು ಬಂತೆಂದು ಹೇಳಲು ನನ್ನ ಬಳಿ ಪುರಾವೆಯಿಲ್ಲ. ಆದರೆ ಮಂಚದ ಮೇಲೆ ಮಲಗಿ ರೀಲ್ಸ್ ಸರಿಸುತ್ತಾ ಒಂದೇ ರಾತ್ರಿಯಲ್ಲಿ ಅದೇ ಮೂರು ತಾಸು ಕಳೆದಿದ್ದೇನೆ, ಮರುದಿನ ಏನು ನೋಡಿದೆ ಅಂತ ನೆನಪಿಲ್ಲ. ಪರೀಕ್ಷೆ ಮುಂದಕ್ಕೆ ಹೋದಾಗ, ಕಟ್ಟಾಫ್‌ಗೆ ಎರಡು ಅಂಕ ಕಡಿಮೆಯಾದಾಗ ಕೋಣೆಯ ಗೋಡೆ ಮೈಮೇಲೆ ಬಂದಂತಾಗುತ್ತದಲ್ಲ, ಆಗ ಹೊರಗೆ ಹೋಗಲು ಒಂದು ನೆವ ಬೇಕು. ‘ಸ್ವಲ್ಪ ತಿರುಗಾಡಿ ಬಾ’ ಎಂದು ಹೇಳಿದರೆ ಯಾರೂ ಏಳುವುದಿಲ್ಲ. ‘ಇವತ್ತು ಸಂಜೆಯೊಳಗೆ ಒಂದು ಏಣಿಯ ಫೋಟೊ ತಾ’ ಎಂದರೆ ಏಳುತ್ತಾರೆ. ಫೋಟೊಗಳನ್ನು ಇನ್‌ಸ್ಟಾಗ್ರಾಮಿಗೆ ಹಾಕಬಾರದು ಎಂಬುದು ನಮ್ಮ ನಿಯಮ. ಹಾಕಿದರೆ ಲೈಕು ಬರುವಂಥದ್ದನ್ನೇ ಹುಡುಕಲು ಶುರು ಮಾಡುತ್ತೇವೆ ಎಂಬ ಭಯ.

ಈ ಸಲ ಊರಿಗೆ ಹೋದಾಗ ಅವ್ವನಿಗೆ ಒಂದೊಂದಾಗಿ ಎಲ್ಲ ತೋರಿಸಿದೆ. ಕೋಟೆಯ ಬಾಗಿಲು, ಕಾಲೇಜು ಯಾವುದಕ್ಕೂ ಅವಳು ಬೆರಗಾಗಲಿಲ್ಲ. ಎಮ್ಮೆ ಬಂದಾಗ ಮೊಬೈಲನ್ನು ಕೈಗೆ ತೆಗೆದುಕೊಂಡು, ‘ಎಷ್ಟು ಹಾಲು ಕೊಡತೈತಿ ಕೇಳೀಯೇನು?’ ಎಂದಳು. ಕೇಳಿರಲಿಲ್ಲ. ವಾಪಸು ಬಂದವನು ಮೊದಲು ಆ ಓಣಿಗೇ ಹೋಗಿ ಕೇಳಿದೆ. ಒಂದು ಪ್ರಶ್ನೆಗೆ ಗೌಳಿಗರ ಅಜ್ಜ ಮುಕ್ಕಾಲು ತಾಸು ಮಾತಾಡಿದರು. ಹಿಂಡಿಯ ದರ, ಮೇಯಲು ಜಾಗವಿಲ್ಲದ್ದು, ಮಕ್ಕಳು ಈ ಕೆಲಸ ಬೇಡವೆನ್ನುವುದು. ಕೊನೆಗೆ ‘ನಿಮ್ಮ ನೌಕ್ರಿ ಏನಾತ್ರೀ?’ ಎಂದು ನನ್ನನ್ನೇ ಕೇಳಿದರು. ಎರಡು ವರ್ಷದಲ್ಲಿ ಮೊದಲ ಸಲ ಆ ಪ್ರಶ್ನೆಗೆ ನನಗೆ ಸಿಟ್ಟು ಬರಲಿಲ್ಲ.

ನವಲಗುಂದದ ಗೆಳೆಯ ಈಗ ನಮ್ಮ ಜೊತೆ ಇಲ್ಲ. ವಯೋಮಿತಿ ದಾಟಿತು. ಜೂನ್‌ನಲ್ಲಿ ಟ್ರಂಕು, ಹಾಸಿಗೆ ಕಟ್ಟಿಕೊಂಡು ಊರಿಗೆ ಹೋದ. ಪುಸ್ತಕಗಳನ್ನು ನಮಗೇ ಹಂಚಿದ. ಬಸ್ ಹತ್ತಿಸಲು ಹೋದಾಗ ಯಾರಿಗೂ ಮಾತು ಬರಲಿಲ್ಲ. ಗ್ರೂಪಿನಿಂದ ಹೊರಗೆ ಹೋಗುತ್ತಾನೇನೋ ಅಂದುಕೊಂಡಿದ್ದೆವು. ಹೋಗಲಿಲ್ಲ. ಈ ಊರಿನ ಫೋಟೊ ಮಾತ್ರ ಎಂಬ ನಿಯಮವನ್ನು ಅವನಿಗಾಗಿ ತೆಗೆದುಹಾಕಿದೆವು. ರವಿವಾರ ಸಂಜೆ ಮೊದಲು ಬರುವುದು ಅವನದೇ. ಹೋದ ವಾರದ ‘ನೆರಳು’ ವಿಷಯಕ್ಕೆ, ಬದುವಿನ ಜಾಲಿಗಿಡದ ಕೆಳಗೆ ಬುತ್ತಿ ಬಿಚ್ಚಿಟ್ಟ ಫೋಟೊ ಕಳಿಸಿದ್ದ. ಕೆಳಗೆ ಬರೆದಿದ್ದ: ‘ಹೆಸರು ಬಿಡಸಾಕ ಬಂದೀವಿ. ಮುಂದಿನ ವಾರದ ವಿಷಯ ನಂದು. ಚಪ್ಪಲಿ.’

ನಾಳೆ ರವಿವಾರ. ಮುರುಘಾಮಠದ ಮುಂದೆ ಹೋಗುವುದೋ, ಮಾರ್ಕೆಟ್ಟಿನಲ್ಲಿ ಚಪ್ಪಲಿ ಹೊಲಿಯುವ ಅಜ್ಜನನ್ನು ಕೇಳುವುದೋ ಇನ್ನೂ ತೀರ್ಮಾನಿಸಿಲ್ಲ. ಬೀದರಿನವನು ಮಾತ್ರ ಈಗಲೇ ನನ್ನ ಹರಿದ ಚಪ್ಪಲಿಯ ಸುತ್ತ ಮೊಬೈಲು ಹಿಡಿದು ತಿರುಗುತ್ತಿದ್ದಾನೆ.