ಮೀಟಿಂಗಿನಲ್ಲಿ ಎದ್ದು ನಿಂತರೆ ಎದೆ ಯಾಕೆ ಹೊಡೆದುಕೊಳ್ಳುತ್ತದೆ?

ಎಣ್ಣೂರು, ಕತ್ತಿವಾಕ್ಕಂ, ಮಣಲಿ ಕಡೆ ಇರುವ ನಮ್ಮ ಕನ್ನಡ ಮನೆಯವರೇ, ಬಿಪಿ, ಸಕ್ಕರೆ ಬಗ್ಗೆ ಸಾಕಷ್ಟು ಓದಿದ್ದೀರಿ. ಇವತ್ತು ಯಾರೂ ಡಾಕ್ಟರ ಹತ್ತಿರ ಹೇಳಿಕೊಳ್ಳದ ಒಂದು ತೊಂದರೆಯ ಬಗ್ಗೆ ಮಾತಾಡೋಣ.

ಶಿಫ್ಟ್ ಶುರುವಾಗುವ ಮೊದಲು ಐದು ನಿಮಿಷದ ಸುರಕ್ಷತೆಯ ಮಾತುಕತೆ ಇರುತ್ತದಲ್ಲ, ಟೂಲ್‌ಬಾಕ್ಸ್ ಟಾಕ್? ಅಲ್ಲಿ ಸೂಪರ್‌ವೈಸರ್ "ಯಾರಿಗಾದರೂ ಏನಾದರೂ ಹೇಳುವುದಿದೆಯಾ?" ಎಂದು ಕೇಳುತ್ತಾರೆ. ಹೇಳುವುದು ನಿಮ್ಮ ಹತ್ತಿರ ಇದೆ. ಆದರೆ ಎದೆ ಡವಡವ, ಬಾಯಿ ಒಣಗುತ್ತದೆ, ಕೈ ನಡುಗುತ್ತದೆ. ಸುಮ್ಮನಾಗುತ್ತೀರಿ. "ನನಗೆ ಇಂಗ್ಲಿಷ್ ಬರಲ್ಲ, ತಮಿಳು ಸರಿಯಿಲ್ಲ" ಎಂದು ಮನೆಗೆ ಬಂದು ಹೇಳುತ್ತೀರಿ.

ನನ್ನ ಅಭಿಪ್ರಾಯದಲ್ಲಿ ಇದು ಭಾಷೆಯ ಕೊರತೆಯಲ್ಲ, ಅಡ್ರಿನಲಿನ್ ಕೆಲಸ. ಹತ್ತು ಜನ ನಿಮ್ಮನ್ನೇ ನೋಡಿದಾಗ ದೇಹ ಅದನ್ನು ಅಪಾಯ ಎಂದುಕೊಂಡು ಓಡಲು ಸಿದ್ಧವಾಗುತ್ತದೆ. ಇಂಗ್ಲಿಷ್ ಚೆನ್ನಾಗಿ ಬಲ್ಲ ಮ್ಯಾನೇಜರಿಗೂ ಹೀಗೇ ಆಗುತ್ತದೆ. ಹಾಗಾಗಿ ಸಾವಿರಾರು ರೂಪಾಯಿ ಕೊಟ್ಟು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರುವ ಮೊದಲು ಉಸಿರು ನೋಡಿಕೊಳ್ಳಿ. ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಏಳು ಎಣಿಸುತ್ತಾ ನಿಧಾನ ಹೊರಗೆ. ಹೊರಬಿಡುವ ಉಸಿರು ಉದ್ದವಾದರೆ ಹೃದಯದ ಬಡಿತ ಇಳಿಯುತ್ತದೆ. ಎರಡು ಗುಟುಕು ನೀರು ಕುಡಿಯಿರಿ. ಆ ಹೊತ್ತಿಗೆ ಸ್ಟ್ರಾಂಗ್ ಕಾಫಿ ಮಾತ್ರ ಬೇಡ. ಹಾರ್ವರ್ಡಿನ ಅಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, "ಸಮಾಧಾನ, ಸಮಾಧಾನ" ಎಂದುಕೊಂಡವರಿಗಿಂತ "ನನಗೆ ಉತ್ಸಾಹವಾಗಿದೆ" ಎಂದುಕೊಂಡವರೇ ಚೆನ್ನಾಗಿ ಮಾತಾಡಿದರು.

ಇನ್ನು ತಮಿಳು. ನಮ್ಮ ಹಾಲು ಅವರಿಗೆ ಪಾಲ್, ನಮ್ಮ ಹೆಸರು ಅವರಿಗೆ ಪೆಯರ್. ಅರ್ಧ ಭಾಷೆ ಆಗಲೇ ನಿಮ್ಮ ಬಾಯಲ್ಲಿದೆ! ನಕ್ಕರೆ ನಗಲಿ.

ಇಷ್ಟು ಒತ್ತಿ ಹೇಳಲು ಕಾರಣ ನಮ್ಮ ಊರು. 2023ರ ಡಿಸೆಂಬರ್ 26ರ ರಾತ್ರಿ ಪೆರಿಯಕುಪ್ಪಂ ಹತ್ತಿರ ಸಮುದ್ರದಡಿಯ ಪೈಪಿನಿಂದ ಅಮೋನಿಯಾ ಸೋರಿ, ಕಣ್ಣುರಿ, ಉಸಿರಾಟದ ತೊಂದರೆಯಿಂದ ಎಷ್ಟೋ ಜನ ಆಸ್ಪತ್ರೆ ಸೇರಿದ್ದು ನಿಮಗೆ ನೆನಪಿದೆ. ಇಂಥ ಕಡೆ ಕೆಲಸಗಾರನ ಮಾತಿಗೆ ಪ್ರೆಸೆಂಟೇಷನ್‌ಗಿಂತ ಹೆಚ್ಚಿನ ಬೆಲೆ ಇದೆ. ಭೋಪಾಲ್ ದುರಂತದ ನಂತರ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಂದ ತಿದ್ದುಪಡಿ ಇದನ್ನೇ ಹೇಳಿತು: ಅಪಾಯಕಾರಿ ಕಾರ್ಖಾನೆಯ ಸುರಕ್ಷತಾ ಸಮಿತಿಯಲ್ಲಿ ಆಡಳಿತದವರಷ್ಟೇ ಕಾರ್ಮಿಕರೂ ಇರಬೇಕು, ಎದುರಿಗಿರುವ ಅಪಾಯವನ್ನು ತಿಳಿಸುವ ಹಕ್ಕು ಕಾರ್ಮಿಕನಿಗಿದೆ.

ಹೇಗೆ ಹೇಳಬೇಕು? "ಸಾರ್, ತಪ್ಪು ತಿಳಿಯಬೇಡಿ, ನನಗೆ ಅಷ್ಟು ಗೊತ್ತಿಲ್ಲ, ಆದರೂ..." ಎಂದು ಶುರು ಮಾಡಿದರೆ ಅಷ್ಟರಲ್ಲಿ ಎಲ್ಲರೂ ಹೆಲ್ಮೆಟ್ ಹಾಕಿಕೊಂಡು ಹೊರಟಿರುತ್ತಾರೆ. "ಎರಡನೇ ಪಂಪಿನ ಹತ್ತಿರ ಬೆಳಿಗ್ಗೆ ಆರರಿಂದ ವಾಸನೆ ಬರ್ತಿದೆ, ವಾಲ್ವ್ ನೋಡಬೇಕು." ಎಲ್ಲಿ, ಯಾವಾಗಿನಿಂದ, ಏನು ಮಾಡಬೇಕು. ಮೊದಲ ವಾಕ್ಯವನ್ನಷ್ಟೇ ಹಿಂದಿನ ರಾತ್ರಿ ಮನೆಯವರ ಮುಂದೆ ನಿಂತು, ಗಟ್ಟಿಯಾಗಿ, ನಾಲ್ಕು ಸಲ ಹೇಳಿ. ಕನ್ನಡಿ ಮುಂದೆ ಬೇಡ. ಕನ್ನಡಿ ಪ್ರಶ್ನೆ ಕೇಳುವುದಿಲ್ಲ, ಮಕ್ಕಳು ಕೇಳುತ್ತಾರೆ.

ಒಂದು ಎಚ್ಚರಿಕೆ. ನಡುಕ ನಿಲ್ಲಿಸಲು ಕೆಲವರು ಪ್ರೊಪ್ರನಲಾಲ್ ಮಾತ್ರೆಯನ್ನು ಅವರಿವರಿಂದ ಕೇಳಿ ನುಂಗುತ್ತಾರೆ. ಆಸ್ತಮಾ ಇರುವವರಿಗೆ ಇದು ಉಸಿರು ಕಟ್ಟಿಸಬಹುದು. ನಮ್ಮ ಕಡೆಯ ಕಲ್ಲಿದ್ದಲ ಬೂದಿಯ ಗಾಳಿಯಲ್ಲಿ ಗೊರಗೊರ ಉಸಿರಾಟ ಯಾರಿಗಿಲ್ಲ ಹೇಳಿ? ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಮಾತಾಡಬೇಕಾದೀತೆಂದು ರಜೆ ಹಾಕುವುದು, ಬಡ್ತಿ ಬೇಡ ಎನ್ನುವುದು, ಹಿಂದಿನ ರಾತ್ರಿ ನಿದ್ದೆಯೇ ಬಾರದಿರುವುದು ತಿಂಗಳುಗಟ್ಟಲೆ ನಡೆದಿದ್ದರೆ ಅದಕ್ಕೆ ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು. ಕನ್ನಡದಲ್ಲೂ ಮಾತಾಡಬಹುದು.