ಟಿಬಿ ಬಂದ ಸಹೋದ್ಯೋಗಿ ಕೆಲಸಕ್ಕೆ ಮರಳಿದರೆ ದೂರ ಇರಬೇಕೇ?

ರಜೆ ಮುಗಿಸಿ ಬಂದವರ ಲೋಟ ಬೇರೆ ಇಡುವುದು, ಊಟದ ಹೊತ್ತಿಗೆ ಪಕ್ಕದಿಂದ ಎದ್ದು ಹೋಗುವುದು, ವಾಟ್ಸಾಪ್ ಗುಂಪಿನಲ್ಲಿ ‘ಹುಷಾರು’ ಎಂದು ಸಂದೇಶ ಹಾಕುವುದು. ಟಿಬಿ ಬಂದವರು ಕೆಲಸಕ್ಕೆ ಮರಳಿದಾಗ ಇಂಥದ್ದು ನಡೆಯುತ್ತದೆ. ಇದಕ್ಕೆ ವೈದ್ಯಕೀಯ ಕಾರಣವಿದೆಯೇ?

ಇಲ್ಲ. ಟಿಬಿ ಹರಡುವುದು ಗಾಳಿಯ ಮೂಲಕ, ಶ್ವಾಸಕೋಶದ ಟಿಬಿ ಇರುವವರು ಕೆಮ್ಮಿದಾಗ, ಸೀನಿದಾಗ. ತಟ್ಟೆ, ಲೋಟ, ಕುರ್ಚಿ, ಕೈಕುಲುಕುವುದರಿಂದ ಹರಡುವುದಿಲ್ಲ. ಸಾಮಾನ್ಯ ಟಿಬಿಯಲ್ಲಿ ಸರಿಯಾದ ಔಷಧಿ ಶುರುವಾಗಿ ಸುಮಾರು 2 ವಾರಗಳಲ್ಲಿ ಸೋಂಕು ಹರಡುವ ಸಾಧ್ಯತೆ ಬಹಳ ಇಳಿಯುತ್ತದೆ. ಔಷಧಿಗೆ ಬಗ್ಗದ ಟಿಬಿಗೆ ಹೆಚ್ಚು ಸಮಯ ಬೇಕಾಗಬಹುದು. ಹಾಗಾಗಿ ಯಾವಾಗ ಮರಳಬಹುದು ಎಂದು ಹೇಳಬೇಕಾದವರು ವೈದ್ಯರು, ಪಕ್ಕದ ಮೇಜಿನವರಲ್ಲ.

ನಿಜವಾದ ಅಪಾಯ ಬೇರೆ ಕಡೆ ಇದೆ. ಚಿಕಿತ್ಸೆ ಸಾಮಾನ್ಯವಾಗಿ 6 ತಿಂಗಳು. ಕೆಲಸಕ್ಕೆ ಮರಳಿದ ಮೇಲೂ ಮಾತ್ರೆ ನುಂಗಬೇಕು, ತಪಾಸಣೆಗೆ ಹೋಗಬೇಕು. ಅವಮಾನಕ್ಕೆ ಹೆದರಿದವರು ಕಾಯಿಲೆ ಮುಚ್ಚಿಡಬಹುದು, ಮಾತ್ರೆ ತಪ್ಪಿಸಬಹುದು. ಚಿಕಿತ್ಸೆ ಅರ್ಧಕ್ಕೆ ನಿಂತರೆ ರೋಗ ಮರುಕಳಿಸಬಹುದು, ಔಷಧಿಗೆ ಬಗ್ಗದಂತೆಯೂ ಆಗಬಹುದು. ಇದನ್ನೆಲ್ಲ ನೋಡಿದ, ಕೆಮ್ಮಿರುವ ಇನ್ನೊಬ್ಬರು ಪರೀಕ್ಷೆಗೇ ಹಿಂಜರಿಯುತ್ತಾರೆ. ಹೀಗೆ ನಮ್ಮ ಹೆದರಿಕೆಯೇ ಸೋಂಕಿಗೆ ದಾರಿ ಮಾಡಿಕೊಡುತ್ತದೆ.

ನೀವೇನು ಮಾಡಬಹುದು?

• ಮೊದಲ ಕೆಲವು ವಾರ ಭಾರದ ಕೆಲಸ, ರಾತ್ರಿ ಪಾಳಿ ಹಂಚಿಕೊಳ್ಳಿ.
• ತಪಾಸಣೆಯ ದಿನ ಅವರ ಕೆಲಸ ನೋಡಿಕೊಳ್ಳಿ.
• ಅವರ ಒಪ್ಪಿಗೆ ಇಲ್ಲದೆ ಕಾಯಿಲೆಯ ವಿಷಯ ಯಾರಿಗೂ ಹೇಳಬೇಡಿ.
• ಕಿಟಕಿ ತೆರೆದಿಡಿ.
• ಚಿಕಿತ್ಸೆಗೆ ಮುಂಚೆ ಅವರ ಜೊತೆ ಹೆಚ್ಚು ಹೊತ್ತು ಇದ್ದಿರಾ? ನಿಮಗೂ 2 ವಾರ ಮೀರಿದ ಕೆಮ್ಮಿದೆಯೇ? ಪರೀಕ್ಷೆ ಮಾಡಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಟಿಬಿ ಪರೀಕ್ಷೆ, ಔಷಧಿ ಎರಡೂ ಉಚಿತ.