ಡೈರಿ ಹೋಯ್ತು, ಗಾಜಿನ ಸ್ಲೇಟು ಬಂತು!

"ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸ್ತೀನಿ. ಟ್ಯಾಬ್ಲೆಟ್ ಕಂಪ್ಯೂಟರ್ ತಗೊಂಡ್ರೆ ನನ್ನ ಕಸುಬಿಗೆ ಉಪಯೋಗ ಆಗುತ್ತಾ, ಇಲ್ಲಾ ಬರೀ ಶೋಕಿನಾ? ದೊಡ್ಡದೇ ತಗೊಳ್ಳಿ ಅಂತ ಎಲ್ಲರೂ ಹೇಳ್ತಾರೆ. ಮನೆಯವಳು ಬಳೆ ಅಡ ಇಡೋಕೆ ಒಪ್ಪಿದ್ದಾಳೆ..."

ಓದುಗ ಮಿತ್ರರೊಬ್ಬರ ಪ್ರಶ್ನೆ ಇದು. ಬಳೆಯ ಮಾತು ಬಂದ ಮೇಲೆ ಹುಡುಗಾಟದ ಉತ್ತರ ಕೊಡುವ ಹಾಗಿಲ್ಲ. ಆದ್ದರಿಂದ ಈ ವಾರ ತಾರೆಯರ ಸುದ್ದಿಗೆ ರಜಾ! ಪಿಯುಸಿಯನ್ನು ಅರ್ಧಕ್ಕೇ ಬಿಟ್ಟು ಪೆನ್ನು ಹಿಡಿದವನು ನಾನು, ಇಂಜಿನಿಯರ್ ಅಲ್ಲ. ಆದರೆ ವೇದಿಕೆಯ ಹಿಂದೆ, ಜನರೇಟರ್ ಪಕ್ಕ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ವಾದ್ಯಗಾರರ ಜೊತೆ ಕಳೆದ ರಾತ್ರಿಗಳಿಗೆ ಲೆಕ್ಕವಿಲ್ಲ. ಅಲ್ಲಿ ಕಂಡದ್ದು, ಕೇಳಿ ತಿಳಿದದ್ದು ಇಷ್ಟು.

ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಐಪ್ಯಾಡ್ ಎಂಬ ಗಾಜಿನ ಸ್ಲೇಟನ್ನು ಜಗತ್ತಿಗೆ ತೋರಿಸಿದ್ದು 2010ರ ಜನವರಿಯಲ್ಲಿ. ಏಪ್ರಿಲ್‌ನಲ್ಲಿ ಮಾರಾಟಕ್ಕೆ ಬಂತು. ಅದೇ ವರ್ಷ 'ಗೊರಿಲ್ಲಾಜ್' ಎಂಬ ಇಂಗ್ಲೆಂಡಿನ ತಂಡದ ಡೇಮನ್ ಆಲ್ಬರ್ನ್ ಅಮೆರಿಕ ಪ್ರವಾಸದಲ್ಲಿದ್ದಾಗಲೇ ಬಹುಪಾಲು ಈ ಸ್ಲೇಟಿನ ಮೇಲೇ ಒಂದು ಆಲ್ಬಂ ಮಾಡಿಬಿಟ್ಟ! ಹೆಸರು 'ದಿ ಫಾಲ್', ಬಿಡುಗಡೆ 2010ರ ಕ್ರಿಸ್‌ಮಸ್ ದಿನ. 2012ರಲ್ಲಿ ಬೆಲ್ಜಿಯಂ ದೇಶದ ಬ್ರಸೆಲ್ಸ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದವರು ಕಾಗದದ ಸ್ವರಲಿಪಿ ಬದಿಗಿಟ್ಟು ಸ್ಯಾಮ್‌ಸಂಗ್ ಟ್ಯಾಬ್ಲೆಟ್ ನೋಡಿಕೊಂಡು ಕಛೇರಿ ಕೊಟ್ಟರು. ಅಂದರೆ ಇದು ಆಟದ ಸಾಮಾನಲ್ಲ ಅನ್ನೋದು ಅಲ್ಲಿಗೇ ತೀರ್ಮಾನವಾಯಿತು.

ನಮ್ಮ ಕಡೆಗೆ ಬರೋಣ. ಹಿಂದೆ ಚಿತ್ರಮಂದಿರದ ಬಾಗಿಲಲ್ಲಿ ಹಾಡಿನ ಪುಸ್ತಕ ಮಾರುತ್ತಿದ್ದರಲ್ಲ, ಆರ್ಕೆಸ್ಟ್ರಾ ಗಾಯಕರ ಮೊದಲ ಗುರು ಅದೇ. ಅಲ್ಲಿಂದ ಡೈರಿಗೆ ಇಳಿಸಿಕೊಳ್ಳೋದು, ಪಕ್ಕದಲ್ಲಿ ಶ್ರುತಿ ಬರೆದುಕೊಳ್ಳೋದು. ಮೂವತ್ತು ವರ್ಷ ಹಾಡಿದವರ ಹತ್ತಿರ ಇಂಥ ಏಳೆಂಟು ಡೈರಿ. ಕಾಫಿ ಕಲೆ, ಮಳೆ ಹನಿ, ಹರಿದ ಬೆನ್ನು! ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗಿನ ಸೀಸನ್ನಿನಲ್ಲಿ ಯಾರೋ ಚೀಟಿ ಕಳಿಸ್ತಾರೆ — "ಅಣ್ಣಾವ್ರ ಹಾಡು ಒಂದು ಬೇಕು". ಯಾವ ಡೈರಿ, ಯಾವ ಪುಟ? ಜನ ಶಿಳ್ಳೆ ಹೊಡೀತಾ ಇರ್ತಾರೆ. ಗಾಳಿ ಬೀಸಿ ಹಾಳೆ ಹಾರಿದರಂತೂ ಕೇಳೋದೇ ಬೇಡ. ಬಟ್ಟೆ ಒಣಗಿಸೋ ಕ್ಲಿಪ್ಪು ಜೇಬಿನಲ್ಲಿ ಇಟ್ಟುಕೊಳ್ಳದ ವಾದ್ಯಗಾರ ಯಾರಿದ್ದಾರೆ ಹೇಳಿ?

ಸ್ಲೇಟು ಗೆಲ್ಲುವುದು ಇಲ್ಲಿ. ಸಾವಿರ ಹಾಡು ಒಂದೇ ಹಲಗೆಯಲ್ಲಿ. ಹೆಸರಿನ ಮೂರಕ್ಷರ ಒತ್ತಿದರೆ ಪುಟ ಎದುರಿಗೆ. ಗಾಳಿಗೆ ಹಾರೋದಿಲ್ಲ. ದೀಪ ಆರಿಸಿ ಬಣ್ಣದ ಲೈಟು ಬಿಟ್ಟಾಗಲೂ ಅಕ್ಷರ ಕಾಣುತ್ತೆ, ಬೆಳಕು ಒಳಗಿನದೇ ಅಲ್ಲವೇ? ಎರಡು ಕೈಯೂ ವಾದ್ಯದ ಮೇಲಿದ್ದರೆ ಪುಟ ತಿರುಗಿಸೋಕೆ ಬ್ಲೂಟೂತ್ ಪೆಡಲ್ ಸಿಗುತ್ತದೆ. ಕಾಲಲ್ಲಿ ಒತ್ತಿದರೆ ಮುಂದಿನ ಪುಟ. ಪಿಟೀಲಿನವರಿಗೆ, ಗಿಟಾರಿನವರಿಗೆ ಇದು ದೊಡ್ಡ ವರ.

ಆದರೆ ಅಳತೆ ಗಮನಿಸಿ. ನಾವು ಬಳಸೋ ಎ4 ಹಾಳೆಯ ಮೂಲೆಯಿಂದ ಮೂಲೆಗೆ 14 ಇಂಚಿನ ಮೇಲಾಗುತ್ತದೆ. ಮೊದಲ ಐಪ್ಯಾಡ್ ಇದ್ದದ್ದು 9.7 ಇಂಚು. ಅದರಲ್ಲಿ ಇಡೀ ಹಾಳೆ ತೋರಿಸಿದರೆ ಅಕ್ಷರ ಮೂರರಲ್ಲಿ ಎರಡು ಪಾಲಿಗೆ ಕುಗ್ಗುತ್ತೆ. 2015ರಲ್ಲಿ 12.9 ಇಂಚಿನದು, 2024ರಲ್ಲಿ 13 ಇಂಚಿನದು ಬಂತು. ಇವುಗಳಲ್ಲಿ ಹಾಳೆ ಹೆಚ್ಚುಕಡಿಮೆ ಇದ್ದ ಹಾಗೇ ಕಾಣುತ್ತೆ. ಬೆಲೆ ಮಾತ್ರ ದುಬಾರಿ! ಗೆರೆಗಳ ಮೇಲೆ ಬರೆದ ಪಾಶ್ಚಾತ್ಯ ಸ್ವರಲಿಪಿ ಓದುವವರಿಗೆ ದೊಡ್ಡದು ಬೇಕೇ ಬೇಕು. ಬರೀ ಸಾಹಿತ್ಯ ಮತ್ತು ಕಾರ್ಡ್ಸ್ ನೋಡೋರಿಗೆ ಚಿಕ್ಕದೇ ಸಾಕು. ಅಕ್ಷರ ದಪ್ಪ ಮಾಡಿಕೊಂಡರಾಯಿತು.

ಕನ್ನಡದ ಹಾಡು ಹಾಕುವವರಿಗೆ ಒಂದು ಕಿವಿಮಾತು. ಡಿ.ಟಿ.ಪಿ. ಅಂಗಡಿಯಲ್ಲಿ ನುಡಿ, ಬರಹದ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿಸಿದ ಫೈಲು ಟ್ಯಾಬ್ಲೆಟ್‌ಗೆ ಹಾಕಿದರೆ ಬರೋದು ಕನ್ನಡವಲ್ಲ, ಭೂತದ ಭಾಷೆ! ಆ ಫಾಂಟು ಇದರಲ್ಲಿ ಇರೋದಿಲ್ಲ. ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ, ಇಲ್ಲವೇ ಪಿ.ಡಿ.ಎಫ್. ಮಾಡಿಸಿ. ಡೈರಿಯ ಹಾಳೆಯನ್ನೇ ಫೋಟೋ ತೆಗೆದು ಹಾಕಿದರೂ ಆಗುತ್ತೆ. ಬೇರೆ ಭಾಷೆಯ ಗಾಯಕರು ನಮ್ಮ ಹಾಡನ್ನು ತಮ್ಮ ಲಿಪಿಯಲ್ಲಿ ಬರೆದುಕೊಂಡು ಹಾಡೋದು ಹಳೆಯ ಪದ್ಧತಿ ತಾನೆ? ಅಂಥ ಕೈಬರಹಕ್ಕೆ ಫಾಂಟಿನ ಹಂಗೇ ಇಲ್ಲ.

ಇನ್ನೊಂದು ವಿಷಯ. ಗಾಯಕಿ ಕೊನೇ ಗಳಿಗೆಯಲ್ಲಿ "ಗಂಟಲು ಸರಿ ಇಲ್ಲ, ಒಂದು ಮನೆ ಇಳಿಸಿ" ಅಂತಾರೆ. ಕಾರ್ಡ್ಸನ್ನು ಅಕ್ಷರದಲ್ಲಿ ಟೈಪ್ ಮಾಡಿಟ್ಟಿದ್ದರೆ ಕೆಲವು ಆ್ಯಪ್‌ಗಳು ಒಂದೇ ಒತ್ತಿಗೆ ಎಲ್ಲವನ್ನೂ ಇಳಿಸಿ ತೋರಿಸುತ್ತವೆ. ಫೋಟೋ ತೆಗೆದ ಹಾಳೆಯಲ್ಲಿ ಆ ಸೌಲಭ್ಯ ಇಲ್ಲ. ಅಲ್ಲಿ ನಿಮ್ಮ ತಲೆಯೇ ಗತಿ.

ಮನೆಯ ಅಭ್ಯಾಸಕ್ಕೂ ಸ್ಲೇಟು ಒಳ್ಳೆಯ ಸಂಗಾತಿ. ಹಾಡಿನ ಶ್ರುತಿ ಕೆಡಿಸದೆ ವೇಗ ಮಾತ್ರ ತಗ್ಗಿಸಿ ಕೇಳಬಹುದು. ಕಷ್ಟದ ಬಿಟ್ ಇದ್ದರೆ ಅರ್ಧ ವೇಗದಲ್ಲಿ ಹತ್ತು ಸಲ ಹಾಕಿ ನುಡಿಸಿ ನೋಡಿ. ತಂಬೂರಿ, ತಬಲಾ ಕೇಳಿಸೋ ಆ್ಯಪ್‌ಗಳೂ ಇವೆ. ಅಂದ ಹಾಗೆ, ಯಂತ್ರದ ತಂಬೂರಿ ಅಮೆರಿಕದಿಂದ ಬಂದದ್ದಲ್ಲ ಸ್ವಾಮೀ! ಎಲೆಕ್ಟ್ರಾನಿಕ್ ತಂಬೂರಿಯನ್ನು 1979ರಲ್ಲಿ ಮಾಡಿದವರು ನಮ್ಮ ಬೆಂಗಳೂರಿನ ಜಿ. ರಾಜ್ ನಾರಾಯಣ್. ಇಂಜಿನಿಯರೂ ಹೌದು, ಕೊಳಲು ವಾದಕರೂ ಹೌದು. ರಾಡೆಲ್ ಎಂಬ ಹೆಸರು ಸಂಗೀತದ ಮನೆಗಳಲ್ಲಿ ಯಾರಿಗೆ ಗೊತ್ತಿಲ್ಲ?

ಇನ್ನು ಸ್ಲೇಟನ್ನೇ ವಾದ್ಯವಾಗಿ ನುಡಿಸುವ ಆಸೆ ಇದ್ದರೆ ಎಚ್ಚರ! ಬೆರಳು ಇಟ್ಟ ಗಳಿಗೆಗೂ ಸದ್ದು ಬರೋ ಗಳಿಗೆಗೂ ನಡುವೆ ಅಂತರ ಇರುತ್ತೆ. 10 ಮಿಲಿಸೆಕೆಂಡ್ ಅಂತರ ಅಂದರೆ ಮೂರೂವರೆ ಮೀಟರ್ ದೂರದ ಸ್ಪೀಕರಿನಿಂದ ಸದ್ದು ಬಂದ ಹಾಗೆ. ಅಷ್ಟಾದರೆ ತೊಂದರೆಯಿಲ್ಲ. ಬ್ಲೂಟೂತ್ ಹೆಡ್‌ಫೋನ್ ಹಾಕಿದರೆ ಅದು 200 ಮಿಲಿಸೆಕೆಂಡಿಗೂ ಹೋಗಬಹುದು. ಅಂದರೆ ಸ್ಪೀಕರು 68 ಮೀಟರ್ ಆಚೆ, ಮೈದಾನದ ಆ ತುದಿಯಲ್ಲಿದ್ದ ಹಾಗೆ! ತಾಳ ನಿಲ್ಲೋದು ಹೇಗೆ? ನುಡಿಸುವಾಗ ತಂತಿಯೇ ಕಟ್ಟಬೇಕು. ಹೊಸ ಐಪ್ಯಾಡ್‌ಗಳಲ್ಲಿ ಹೆಡ್‌ಫೋನ್ ತೂತು ಇಲ್ಲ, ಅದಕ್ಕೊಂದು ಅಡಾಪ್ಟರಿನ ಖರ್ಚು ಬೇರೆ. ಚಾರ್ಜಿಗೆ ಹಾಕಿಕೊಂಡೇ ಮಿಕ್ಸರಿಗೆ ಕೊಟ್ಟರೆ ಕೆಲವೊಮ್ಮೆ 'ಗುಂಯ್' ಅನ್ನುತ್ತೆ. ಬ್ಯಾಟರಿ ತುಂಬಿಸಿಕೊಂಡೇ ವೇದಿಕೆ ಹತ್ತಿ. ಫೋನು, ಸಂದೇಶ ಎಲ್ಲ ಬಂದ್ ಮಾಡಿ. ಭಾವಗೀತೆಯ ನಡುವೆ ಬ್ಯಾಂಕಿನ ಜಾಹೀರಾತು ಬರೋದು ಬೇಡ! ಬಿಸಿಲಲ್ಲಿ ಇಡಲೇಬೇಡಿ. ಐಪ್ಯಾಡನ್ನು ಬಳಸಬೇಕಾದ ಹವೆಯ ಮಿತಿಯೇ 35 ಡಿಗ್ರಿ. ರಾಯಚೂರು, ಕಲಬುರಗಿಯ ಏಪ್ರಿಲ್ ಮಧ್ಯಾಹ್ನದ ಮದುವೆ ಮಂಟಪಕ್ಕೆ ಕಾಗದವೇ ಕ್ಷೇಮ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಹಿ ಮಾತು. ಈ ಸ್ಲೇಟಿನಲ್ಲಿ ಹಾಳೆ ಅಷ್ಟೇ ಅಲ್ಲ, 'ಟ್ರ್ಯಾಕ್' ಕೂಡ ಇರುತ್ತೆ. ಢೋಲಕ್, ಬಾಂಗೋ, ಬೇಸ್ ಗಿಟಾರ್ ಎಲ್ಲ ಮೊದಲೇ ತುಂಬಿಟ್ಟದ್ದು. ಒತ್ತಿದರೆ ಸಾಕು, ಹನ್ನೆರಡು ಜನರ ಆರ್ಕೆಸ್ಟ್ರಾ ಮೂರೇ ಜನಕ್ಕೆ ಇಳಿಯುತ್ತೆ. ಕಾರ್ಯಕ್ರಮ ಕೊಡಿಸುವವರಿಗೆ ಖುಷಿ, ವ್ಯಾನು ಚಿಕ್ಕದು, ಊಟದ ಎಲೆ ಕಡಿಮೆ. ಆದರೆ ಆ ಒಂಬತ್ತು ಜನ? ಢೋಲಕ್ ನುಡಿಸುವ ಹಿರಿಯರೊಬ್ಬರನ್ನು ನಾನು ಬಲ್ಲೆ. ಈಗ ಸೀಸನ್ನಿನಲ್ಲೂ ಅವರಿಗೆ ಅಂಗಡಿ ಲೆಕ್ಕ ಬರೆಯುವ ಕೆಲಸ. "ನನ್ನ ಕೈಯನ್ನೇ ಯಾರೋ ರೆಕಾರ್ಡ್ ಮಾಡಿಕೊಂಡು ಹೋದ ಹಾಗಿದೆ" ಅಂದರು. ನನಗೆ ಉತ್ತರ ಹೊಳೆಯಲಿಲ್ಲ.

ಟ್ರ್ಯಾಕಿಗೆ ಇನ್ನೊಂದು ದೋಷವೂ ಇದೆ. ಅದಕ್ಕೆ ಕಣ್ಣಿಲ್ಲ. ಜನ ಕುಣಿಯತೊಡಗಿದರೆ ಪಲ್ಲವಿಯನ್ನು ಇನ್ನೊಮ್ಮೆ ತಿರುಗಿಸು ಎಂದು ಢೋಲಕ್ಕಿನವರಿಗೆ ಕಣ್ಸನ್ನೆ ಮಾಡಬಹುದು. ಗಾಯಕ ಸಾಲು ಮರೆತರೆ ಅವರು ಎರಡು ಆವರ್ತ ಹೆಚ್ಚಿಗೆ ನುಡಿಸಿ ಮಾನ ಉಳಿಸುತ್ತಾರೆ. ಟ್ರ್ಯಾಕು ತನ್ನ ಪಾಡಿಗೆ ತಾನು ಓಡುತ್ತೆ, ನೀವೇ ಅದರ ಹಿಂದೆ ಓಡಬೇಕು!

ಆದ್ದರಿಂದ ಮಿತ್ರರೇ, ನನ್ನ ಉತ್ತರ ಇಷ್ಟು. ಸ್ಲೇಟು ಉಪಯೋಗವೇ, ಶೋಕಿಯಲ್ಲ. ಆದರೆ ಬಳೆ ಅಡ ಇಡಬೇಡಿ. ಹಾಳೆ ತೋರಿಸೋಕೆ ಭಾರಿ ಯಂತ್ರ ಬೇಕಿಲ್ಲ. ನೀವು ಕಾರ್ಡ್ಸ್ ನೋಡಿ ನುಡಿಸುವವರಾದರೆ ಹತ್ತು ಇಂಚಿನ ಸಾಧಾರಣ ಟ್ಯಾಬ್ಲೆಟ್, ಕೈ ಬದಲಾಯಿಸಿದ್ದಾದರೂ ಸರಿ, ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತೆ ಅಂತ ಕೂತು ಪರೀಕ್ಷೆ ಮಾಡಿ ತಗೊಳ್ಳಿ. ಒಂದು ಸೀಸನ್ ಅದರಲ್ಲೇ ಕಳೀರಿ. ದುಡಿಮೆ ಹೆಚ್ಚಿದರೆ, ಸ್ವರಲಿಪಿ ಓದುವ ಕೆಲಸ ಸಿಕ್ಕರೆ, ಆಗ ಆ ಸಂಪಾದನೆಯಿಂದಲೇ ದೊಡ್ಡದು ಬರಲಿ. ಹಳೆಯ ಡೈರಿಯನ್ನು ಎಸೆಯಬೇಡಿ. ಬ್ಯಾಟರಿ ಸತ್ತ ರಾತ್ರಿ ಕೈಹಿಡಿಯೋದು ಅದೇ. ಮತ್ತೆ, ಸ್ಲೇಟು ಬಂತು ಅಂತ ನಿಮ್ಮ ಢೋಲಕ್ಕಿನವರನ್ನು ಮನೆಗೆ ಕಳಿಸಬೇಡಿ. ಅವರಿದ್ದರೇ ಅದು ಆರ್ಕೆಸ್ಟ್ರಾ. ಇಲ್ಲದಿದ್ದರೆ ದೊಡ್ಡ ಟೇಪ್‌ರೆಕಾರ್ಡರ್ ಅಷ್ಟೆ.

ಏನಂತೀರಿ? ವೇದಿಕೆಯ ಮೇಲೆ ಟ್ರ್ಯಾಕು ಬೇಕೋ, ಬೇಡವೋ? ಒಂದು ಕಾರ್ಡು ಹಾಕಿ. ಮುಂದಿನ ವಾರ ನಿಮ್ಮದೇ ಮಾತು.